ಹಳೆಯ ಕಂಪ್ಯೂಟರಿಗೆ ಹೊಂದುವ ಪ್ರಿಂಟರ್: ಪ್ರತಿನಿಧಿ ನ್ಯಾಯದ ಒಂದು ವಿಚಾರ

ಒಂದು ಕಾರ್ಯಕ್ಕೆ ವಿಧಿಸಿದ ವಸ್ತು ಸಿಗದೆ ಹೋದಾಗ ಅದರ ಸ್ಥಾನದಲ್ಲಿ ಬೇರೊಂದನ್ನು ಬಳಸಬಹುದೇ, ಬಳಸಬಹುದಾದರೆ ಆ ಬೇರೊಂದನ್ನು ಯಾವ ಲಕ್ಷಣದಿಂದ ಗುರುತಿಸಬೇಕು, ಹಾಗೆ ಮುಗಿಸಿದ ಕಾರ್ಯ ಮೂಲಕಾರ್ಯವೇ ಆಗುತ್ತದೆಯೋ ಅಥವಾ ಅದರ ಅನುಕರಣೆಯಾಗಿ ಉಳಿಯುತ್ತದೆಯೋ ಎಂಬ ಪ್ರಶ್ನೆಗಳನ್ನು ಪೂರ್ವಮೀಮಾಂಸೆಯು ಬಹಳ ವಿಸ್ತಾರವಾಗಿ ಚರ್ಚಿಸಿದೆ. ವೇದವಿಹಿತ ಕರ್ಮಗಳ ಸ್ವರೂಪವನ್ನು ನಿರ್ಣಯಿಸಲು ಹುಟ್ಟಿದ ಈ ಶಾಸ್ತ್ರದಲ್ಲಿ, ಸಿಗದ ದ್ರವ್ಯದ ಬದಲಿಗೆ ತೆಗೆದುಕೊಳ್ಳುವ ದ್ರವ್ಯಕ್ಕೆ 'ಪ್ರತಿನಿಧಿ' ಎಂದು ಹೆಸರು. 12 ಅಧ್ಯಾಯಗಳಿರುವ ಜೈಮಿನಿಯ ಸೂತ್ರಗ್ರಂಥದಲ್ಲಿ ಆರನೆಯ ಅಧ್ಯಾಯದ ಮೂರನೆಯ ಪಾದವು ಮುಖ್ಯವಾಗಿ ಈ ಪ್ರತಿನಿಧಿಯ ವಿಚಾರಕ್ಕೇ ಮೀಸಲಾಗಿದೆ. ಶಬರಸ್ವಾಮಿಯ ಭಾಷ್ಯವು ಅದನ್ನು ವಿಸ್ತರಿಸಿದೆ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಮಾಧವಾಚಾರ್ಯರು ರಚಿಸಿದ 'ಜೈಮಿನೀಯನ್ಯಾಯಮಾಲಾ' ಅದನ್ನು ಅಧಿಕರಣಗಳಾಗಿ ಸಂಗ್ರಹಿಸಿಕೊಟ್ಟಿದೆ. ಅಧಿಕರಣವೆಂದರೆ ಒಂದು ವಿಷಯವನ್ನೆತ್ತಿಕೊಂಡು, ಅದರಲ್ಲಿನ ಸಂಶಯವನ್ನು ತೋರಿಸಿ, ಪೂರ್ವಪಕ್ಷವನ್ನು ಮಂಡಿಸಿ, ಅದನ್ನು ನಿರಾಕರಿಸಿ ಸಿದ್ಧಾಂತಕ್ಕೆ ತಲುಪುವ ವಿಚಾರಕ್ರಮ.

ಯಜ್ಞಶಾಲೆಗಾಗಿ ರೂಪುಗೊಂಡ ಈ ಚರ್ಚೆಗೆ ಅದರ ಹೊರಗೂ ಕೆಲಸವಿದೆಯೇ ಎಂಬುದನ್ನು ಪರೀಕ್ಷಿಸಲು ಯಂತ್ರಲೋಕದ ಒಂದು ಸಾಮಾನ್ಯ ತೊಡಕು ಒಳ್ಳೆಯ ನಿದರ್ಶನವಾಗಬಲ್ಲದು. ಸುಮಾರು ನಾಲ್ಕು ದಶಕಗಳ ಹಿಂದಿನ ಗೃಹಬಳಕೆಯ ಕಂಪ್ಯೂಟರೊಂದು ಇಂದಿಗೂ ಕೆಲಸ ಮಾಡುತ್ತಿದೆ, ಆದರೆ ಅದರೊಡನೆ ಮಾರಾಟವಾಗುತ್ತಿದ್ದ ಪ್ರಿಂಟರ್ ಕೆಟ್ಟುಹೋಗಿದೆ ಅಥವಾ ಕಳೆದುಹೋಗಿದೆ; ಆ ಕಂಪ್ಯೂಟರಿಗೆ ಹೊಂದುವ ಪ್ರಿಂಟರ್ ಯಾವುದು? ಮೇಲ್ನೋಟಕ್ಕೆ ಇದು ಅಂಗಡಿಯವನು ಉತ್ತರಿಸಬಹುದಾದ ಪ್ರಶ್ನೆ. ಆದರೆ 'ಹೊಂದುವುದು' ಎಂದರೇನು, ಹೊಂದಿಕೆಯೆಂಬುದು ವಸ್ತುವಿನೊಳಗಿರುವ ಗುಣವೋ ಅಥವಾ ಎರಡು ವಸ್ತುಗಳ ನಡುವೆ ಯಾರೋ ಏರ್ಪಡಿಸಿದ ಸಂಬಂಧವೋ, ಮತ್ತು ಆ ಸಂಬಂಧದ ಒಂದು ತುದಿ ಇಲ್ಲವಾದ ಮೇಲೆ ಉಳಿದ ತುದಿ ಯಾರನ್ನು ತನ್ನದೆಂದು ಒಪ್ಪಿಕೊಳ್ಳಬೇಕು ಎಂದು ಕೇಳತೊಡಗಿದೊಡನೆ ಅದು ದರ್ಶನಶಾಸ್ತ್ರದ ಪ್ರಶ್ನೆಯಾಗುತ್ತದೆ.

ವಿಚಾರಕ್ಕೆ ನಿರ್ದಿಷ್ಟತೆ ಬರಲು ಒಂದು ಯಂತ್ರವನ್ನು ಹೆಸರಿಸಬೇಕು. ಇಂಗ್ಲೆಂಡಿನ ಕೇಂಬ್ರಿಜಿನ ಏಕಾರ್ನ್ ಸಂಸ್ಥೆಯು ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ 1981ರ ಕೊನೆಯಲ್ಲಿ ಹೊರತಂದ 'ಬಿಬಿಸಿ ಮೈಕ್ರೋ' ಅಂಥ ಒಂದು ಯಂತ್ರ. ಅದರ ಬಿ ಮಾದರಿಯಲ್ಲಿ 32 ಕಿಲೋಬೈಟಿನಷ್ಟು ಸ್ಮೃತಿಯಿತ್ತು, 6502 ಎಂಬ 8 ಬಿಟ್‌ಗಳ ಪ್ರೊಸೆಸರಿತ್ತು, ಕೀಲಿಮಣೆಯ ಕೆಳಬದಿಯಲ್ಲಿ ಪ್ರಿಂಟರಿಗೆಂದೇ 26 ಪಿನ್ನುಗಳ ಒಂದು ಪೋರ್ಟ್ ಇತ್ತು. ಭಾರತಕ್ಕೂ ಈ ಯಂತ್ರ ಅಪರಿಚಿತವಲ್ಲ. ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯ ಮಾಡಿಸಲು ಕೇಂದ್ರ ಸರ್ಕಾರ 1984ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೋ. ಆ ಕಾಲದಲ್ಲಿ ಇಂಥ ಕಂಪ್ಯೂಟರುಗಳ ಜೊತೆ ಹೆಚ್ಚಾಗಿ ಕಾಣುತ್ತಿದ್ದುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಂದರೆ ಒಂದರ ಕೆಳಗೊಂದಿರುವ ಸೂಜಿಗಳು ಮಸಿಪಟ್ಟಿಯನ್ನು ಬಡಿದು ಕಾಗದದ ಮೇಲೆ ಚುಕ್ಕಿಗಳಿಂದ ಅಕ್ಷರವನ್ನು ಮೂಡಿಸುವ ಯಂತ್ರ. 1980ರಲ್ಲಿ ಬಂದ ಎಪ್ಸನ್ ಸಂಸ್ಥೆಯ ಎಂಎಕ್ಸ್-80, ಅದರ ಬೆನ್ನಿಗೆ ಬಂದ ಎಫ್‌ಎಕ್ಸ್-80 ಇವು 9 ಸೂಜಿಗಳ ಪ್ರಿಂಟರುಗಳು. ಇವುಗಳ ಆಜ್ಞಾಪದ್ಧತಿಯನ್ನೇ ಮಿಕ್ಕ ತಯಾರಕರು ಅನುಸರಿಸಿದ್ದರಿಂದ ಅದು ಕ್ರಮೇಣ ಒಂದು ಅಲಿಖಿತ ಪ್ರಮಾಣವಾಗಿ ನಿಂತಿತು.

ಕಂಪ್ಯೂಟರೂ ಪ್ರಿಂಟರೂ ಹೊಂದಿವೆ ಎನ್ನುವಾಗ ವಾಸ್ತವವಾಗಿ ಮೂರು ಬೇರೆಬೇರೆ ಸಂಗತಿಗಳನ್ನು ಒಟ್ಟಿಗೆ ಹೇಳಿದಂತಾಗುತ್ತದೆ. ಈ ಮೂರನ್ನು ಬಿಡಿಸಿ ನೋಡಲು ನೈಯಾಯಿಕರ ಶಬ್ದವಿಚಾರ ನೆರವಾಗುತ್ತದೆ. ಪದಗಳ ಗುಂಪೊಂದು ವಾಕ್ಯವಾಗಿ ಅರ್ಥ ಕೊಡಬೇಕಾದರೆ ಸನ್ನಿಧಿ, ಆಕಾಂಕ್ಷೆ, ಯೋಗ್ಯತೆ ಎಂಬ ಮೂರು ಇರಬೇಕೆಂದು ಅವರು ಹೇಳುತ್ತಾರೆ. ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ ಹತ್ತಿರ ಹತ್ತಿರ ಬರುವುದು. ಆಕಾಂಕ್ಷೆಯೆಂದರೆ ಒಂದು ಪದ ತನ್ನ ಅರ್ಥದ ಪೂರ್ಣತೆಗಾಗಿ ಇನ್ನೊಂದನ್ನು ನಿರೀಕ್ಷಿಸುವುದು. ಯೋಗ್ಯತೆಯೆಂದರೆ ಹಾಗೆ ಸೇರಿದ ಅರ್ಥಗಳಲ್ಲಿ ಪರಸ್ಪರ ಬಾಧೆ ಇಲ್ಲದಿರುವುದು. 'ಬೆಂಕಿಯಿಂದ ತೋಯಿಸುತ್ತಾನೆ' ಎಂಬಲ್ಲಿ ಮೊದಲೆರಡು ಇದ್ದರೂ ಮೂರನೆಯದಿಲ್ಲ, ಏಕೆಂದರೆ ತೋಯಿಸುವ ಸಾಮರ್ಥ್ಯ ಬೆಂಕಿಗಿಲ್ಲ.

ಪ್ರಿಂಟರಿನ ವಿಷಯದಲ್ಲಿ ಸನ್ನಿಧಿಯನ್ನು ಕೊಡುವುದು ಕೇಬಲ್. ಬಿಬಿಸಿ ಮೈಕ್ರೋದ 26 ಪಿನ್ನುಗಳ ತುದಿಯನ್ನು ಪ್ರಿಂಟರಿನ 36 ಪಿನ್ನುಗಳ ತುದಿಗೆ ಸೇರಿಸುವ ಪಟ್ಟಿಯಂಥ ಕೇಬಲನ್ನು ಇಂದಿಗೂ ಕೈಯಲ್ಲೇ ಮಾಡಿಕೊಳ್ಳಬಹುದು. ಆಕಾಂಕ್ಷೆಯನ್ನು ಕೊಡುವುದು ಆ ಕೇಬಲಿನ ಮೂಲಕ ನಡೆಯುವ ಕೊಡುಕೊಳ್ಳುವಿಕೆಯ ಶಿಸ್ತು. 1970ರ ದಶಕದ ಆದಿಯಲ್ಲಿ ಸೆಂಟ್ರಾನಿಕ್ಸ್ ಎಂಬ ಅಮೆರಿಕದ ಸಂಸ್ಥೆ ತನ್ನ ಪ್ರಿಂಟರುಗಳಿಗೆ ಅಳವಡಿಸಿದ್ದರಿಂದ ಅದೇ ಹೆಸರಿನಲ್ಲಿ ಪ್ರಸಿದ್ಧವಾದ ಈ ಪದ್ಧತಿಯಲ್ಲಿ 8 ತಂತಿಗಳು ಒಂದು ಅಕ್ಷರದ 8 ಬಿಟ್‌ಗಳನ್ನು ಒಟ್ಟಿಗೆ ಒಯ್ಯುತ್ತವೆ. ಅಕ್ಷರ ಸಿದ್ಧವಾಗಿದೆ ಎಂದು ಕಂಪ್ಯೂಟರ್ 'ಸ್ಟ್ರೋಬ್' ಎಂಬ ತಂತಿಯಲ್ಲಿ ಒಂದು ಕ್ಷಣಿಕ ಸೂಚನೆ ಕೊಡುತ್ತದೆ. ಪ್ರಿಂಟರ್ ಅದನ್ನು ತೆಗೆದುಕೊಂಡು, ಕೆಲಸದಲ್ಲಿರುವಷ್ಟು ಹೊತ್ತು 'ಬಿಸಿ' ಎಂಬ ತಂತಿಯಲ್ಲಿ ತಡೆಯನ್ನೂ, ಸ್ವೀಕರಿಸಿದ ಮೇಲೆ ಬೇರೊಂದು ತಂತಿಯಲ್ಲಿ ಒಪ್ಪಿಗೆಯನ್ನೂ ತೋರಿಸುತ್ತದೆ. ಹೀಗೆ ಒಂದು ಇನ್ನೊಂದಕ್ಕಾಗಿ ಕಾಯದಿದ್ದರೆ ಅಕ್ಷರಗಳು ನಡುವೆಯೇ ಕಳೆದುಹೋಗುತ್ತವೆ.

ಮೂರನೆಯದಾದ ಯೋಗ್ಯತೆ ಇರುವುದು ಸಂಕೇತಗಳ ಅರ್ಥದಲ್ಲಿ, ಮತ್ತು ಹೆಚ್ಚಿನ ಪ್ರಯತ್ನಗಳು ವಿಫಲವಾಗುವುದೂ ಇಲ್ಲಿಯೇ. ತಂತಿಯ ಮೇಲೆ ಹರಿಯುವುದು ಅಕ್ಷರವಲ್ಲ, ಸಂಖ್ಯೆ. 1963ರಲ್ಲಿ ಮೊದಲು ಪ್ರಕಟವಾದ 'ಆಸ್ಕಿ' ಎಂಬ ಸಂಕೇತಪಟ್ಟಿಯಂತೆ ಇಂಗ್ಲಿಷಿನ ಮೊದಲ ದೊಡ್ಡಕ್ಷರಕ್ಕೆ 65, ಸಾಲಿನ ಆರಂಭಕ್ಕೆ ಮರಳುವುದಕ್ಕೆ 13, ಒಂದು ಸಾಲು ಕೆಳಗಿಳಿಯುವುದಕ್ಕೆ 10, ಹಾಳೆಯನ್ನು ಹೊರಹಾಕುವುದಕ್ಕೆ 12 ಎಂದು ನಿಗದಿಯಾಗಿದೆ. ಬಿಬಿಸಿ ಮೈಕ್ರೋ ತನ್ನ ಸಾಮಾನ್ಯ ಸ್ಥಿತಿಯಲ್ಲಿ 10 ಎಂಬ ಸಂಕೇತವನ್ನು ಪ್ರಿಂಟರಿಗೆ ಕಳುಹಿಸದೆ ತಡೆಹಿಡಿಯುತ್ತದೆ, ಏಕೆಂದರೆ 13 ಬಂದೊಡನೆ ಪ್ರಿಂಟರ್ ತಾನಾಗಿಯೇ ಕೆಳಗಿಳಿಯುತ್ತದೆಂದು ಅದು ಭಾವಿಸಿಕೊಂಡಿದೆ. ಪ್ರಿಂಟರ್ ಹಾಗೆ ಇಳಿಯದಿದ್ದರೆ ಇಡೀ ಬರಹ ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಅಚ್ಚಾಗಿ ಕಪ್ಪು ಗೆರೆಯಾಗುತ್ತದೆ. ಎರಡೂ ಇಳಿಸಿದರೆ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬೀಳುತ್ತದೆ. ಪೌಂಡ್ ಚಿಹ್ನೆಯ ಕಥೆಯೂ ಇಂಥದ್ದೇ. ಬಿಬಿಸಿ ಮೈಕ್ರೋ ಅದನ್ನು 96 ಎಂದು ಕಳುಹಿಸಿದರೆ, ಬ್ರಿಟಿಷ್ ಅಕ್ಷರಗಣಕ್ಕೆ ಹೊಂದಿಸಿದ ಎಪ್ಸನ್ ಪ್ರಿಂಟರ್ ಅದನ್ನು 35ರಲ್ಲಿ ಇರಿಸಿಕೊಂಡಿರುತ್ತದೆ. ಎರಡು ಯಂತ್ರಗಳೂ ದೋಷರಹಿತವಾಗಿದ್ದು, ಕೇಬಲೂ ಸರಿಯಾಗಿದ್ದು, ಬೆಲೆಪಟ್ಟಿ ಮಾತ್ರ ತಪ್ಪಾಗಿ ಅಚ್ಚಾಗುತ್ತದೆ. ದೋಷ ಯಾವ ವಸ್ತುವಿನಲ್ಲೂ ಇಲ್ಲ. ವಸ್ತುಗಳ ನಡುವಿನ ಸಮಯದಲ್ಲಿ, ಅಂದರೆ ಒಡಂಬಡಿಕೆಯಲ್ಲಿ ಇದೆ.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಹುಟ್ಟಿನಿಂದಲೇ ಬಂದದ್ದು, ಯಾರೂ ಮಾಡಿದ್ದಲ್ಲ ಎಂಬುದು ಮೀಮಾಂಸಕರ ನಿಲುವು. ಅದು ಸಂಕೇತದಿಂದ ಏರ್ಪಟ್ಟದ್ದು ಎಂಬುದು ನೈಯಾಯಿಕರ ನಿಲುವು. ಯಂತ್ರಸಂಕೇತಗಳ ಮಟ್ಟಿಗೆ ನೈಯಾಯಿಕರ ಮಾತೇ ಸರಿಯೆನ್ನುವುದರಲ್ಲಿ ವಿವಾದವಿಲ್ಲ, ಅವುಗಳನ್ನು ಮನುಷ್ಯರೇ ಗೊತ್ತುಮಾಡಿದ್ದಾರೆ. ಆದರೂ ಒಮ್ಮೆ ಗೊತ್ತುಮಾಡಿ, ಯಂತ್ರದೊಳಗೆ ಅಳಿಸಲಾಗದಂತೆ ಕೂರಿಸಿ, ಗೊತ್ತುಮಾಡಿದವರು ಮಾರುಕಟ್ಟೆಯಿಂದ ಹೊರಟುಹೋದ ಮೇಲೆ, ಬಳಸುವವನ ಪಾಲಿಗೆ ಆ ಸಂಬಂಧ ಕರ್ತೃವಿಲ್ಲದ ವಿಧಿಯಂತೆಯೇ ವರ್ತಿಸುತ್ತದೆ. ಅದನ್ನು ಪ್ರತ್ಯಕ್ಷದಿಂದ ಕಾಣಲಾಗದು, ಅನುಮಾನದಿಂದ ಊಹಿಸಲಾಗದು. ಕೈಪಿಡಿಯೆಂಬ ಶಬ್ದಪ್ರಮಾಣದಿಂದಲೇ ತಿಳಿಯಬೇಕು.

ಈಗ ಸಂಶಯವನ್ನು ಸ್ಪಷ್ಟವಾಗಿ ಹೀಗೆ ಇಡಬಹುದು: ಮೂಲ ಪ್ರಿಂಟರ್ ಇಲ್ಲದಾಗ ಪ್ರತಿನಿಧಿಯನ್ನು ಆರಿಸಬೇಕಾದದ್ದು ಸಾದೃಶ್ಯದಿಂದಲೋ ಅಥವಾ ಬೇರೆ ಯಾವುದಾದರೂ ನಿಯಮದಿಂದಲೋ? ಮೊದಲನೆಯ ಪೂರ್ವಪಕ್ಷವು ಸಾದೃಶ್ಯವನ್ನೇ ಹಿಡಿಯುತ್ತದೆ. ಪ್ರಿಂಟರ್ ಎಂಬುದು ಒಂದು ಜಾತಿ. ಕಾಗದದ ಮೇಲೆ ಅಕ್ಷರ ಮೂಡಿಸುವುದು ಆ ಜಾತಿಯ ಕಾರ್ಯ. ಇಂದಿನ ಇಂಕ್‌ಜೆಟ್ ಅಥವಾ ಲೇಸರ್ ಪ್ರಿಂಟರ್ ಆ ಕಾರ್ಯವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಆದ್ದರಿಂದ ಅದನ್ನೇ ಜೋಡಿಸಬಹುದು ಎಂಬುದು ಈ ಪಕ್ಷದ ವಾದ. ಮೀಮಾಂಸೆಯೂ ಸಾದೃಶ್ಯವನ್ನು ಒಪ್ಪಿದೆಯಲ್ಲವೇ ಎಂದು ಅದು ಕೇಳಬಹುದು. ದರ್ಶಪೂರ್ಣಮಾಸವೆಂಬ ಯಾಗದಲ್ಲಿ ಪುರೋಡಾಶವೆಂಬ ಹಿಟ್ಟಿನ ಆಹುತಿಗೆ ವ್ರೀಹಿ, ಅಂದರೆ ಬೆಳೆದ ಭತ್ತ, ವಿಹಿತವಾಗಿದೆ. ಅದು ಸಿಗದಿದ್ದರೆ ನೀವಾರ, ಅಂದರೆ ಕಾಡುಭತ್ತವನ್ನು ತೆಗೆದುಕೊಳ್ಳಬೇಕೆಂದು ಶಾಸ್ತ್ರ ಹೇಳುತ್ತದೆ, ಮತ್ತು ಅದಕ್ಕೆ ಕೊಡುವ ಕಾರಣ ಅವೆರಡರ ಹೋಲಿಕೆಯೇ.

ಆದರೆ ಈ ಹೋಲಿಕೆ ಯಾವುದೆಂಬುದನ್ನು ಶಾಸ್ತ್ರ ಬಹಳ ಎಚ್ಚರದಿಂದ ಬಿಡಿಸಿದೆ. ನೀವಾರವನ್ನು ತೆಗೆದುಕೊಳ್ಳುವುದು ಅದು ಭತ್ತದಂತೆ ಕಾಣುತ್ತದೆಂದಲ್ಲ, ವ್ರೀಹಿಯ ಅವಯವಗಳು ಬಹುಮಟ್ಟಿಗೆ ಅದರಲ್ಲಿಯೂ ಇವೆ ಎಂಬುದರಿಂದ. ಕುಟ್ಟಿ, ಬೀಸಿ, ಪುರೋಡಾಶ ಮಾಡುವ ಕೆಲಸ ಅದರಿಂದ ನಡೆಯುವುದು ಕಣ್ಣಿಗೆ ಕಾಣುತ್ತದೆ ಎಂಬುದರಿಂದ. ಹೋಲುವ ವಸ್ತುಗಳಲ್ಲಿಯೂ ಅನರ್ಹವಾದವು ಇವೆ. ಹೆಸರುಕಾಳು ಸಿಗದಿದ್ದಾಗ ಉದ್ದಿನಕಾಳು ಎಷ್ಟೇ ಹೋಲಿದರೂ ಅದನ್ನು ಬಳಸುವಂತಿಲ್ಲ, ಏಕೆಂದರೆ ಉದ್ದು ಯಜ್ಞಕ್ಕೆ ಅನರ್ಹವೆಂದು ಶ್ರುತಿಯೇ ಬೇರೆಡೆ ಹೇಳಿದೆ. ಅದೇ ರೀತಿಯಲ್ಲಿ, ಯುಎಸ್‌ಬಿ ಮಾತ್ರವಿರುವ ಇಂದಿನ ಪ್ರಿಂಟರ್ ಹೊರನೋಟಕ್ಕೆ ಪ್ರಿಂಟರೇ ಆದರೂ ಬಿಬಿಸಿ ಮೈಕ್ರೋಗೆ ಅನರ್ಹ. 1996ರಲ್ಲಿ ಪ್ರಕಟವಾದ ಯುಎಸ್‌ಬಿ ಪದ್ಧತಿಯಲ್ಲಿ ಸಂಭಾಷಣೆಯನ್ನು ಆರಂಭಿಸಿ ನಡೆಸುವ ಯಜಮಾನಿಕೆ ಕಂಪ್ಯೂಟರಿನದು. ಹಳೆಯ ಯಂತ್ರಕ್ಕೆ ಆ ಯಜಮಾನಿಕೆ ನಡೆಸುವ ಸಾಧನವೇ ಇಲ್ಲ. ಅಂಗಡಿಯಲ್ಲಿ ಸಿಗುವ, ಒಂದು ತುದಿಯಲ್ಲಿ ಯುಎಸ್‌ಬಿಯೂ ಇನ್ನೊಂದು ತುದಿಯಲ್ಲಿ 36 ಪಿನ್ನುಗಳೂ ಇರುವ ಕೇಬಲ್ ಈ ಕೊರತೆಯನ್ನು ತುಂಬುತ್ತದೆಂದು ಅನೇಕರು ನಂಬುತ್ತಾರೆ. ಆದರೆ ಅದು ಹೊಸ ಕಂಪ್ಯೂಟರಿಗೆ ಹಳೆಯ ಪ್ರಿಂಟರನ್ನು ಜೋಡಿಸಲು ಮಾಡಿದ್ದು, ವಿರುದ್ಧ ದಿಕ್ಕಿನಲ್ಲಿ ಅದು ಕೆಲಸ ಮಾಡದು. ಸಂಬಂಧಕ್ಕೆ ಎರಡು ತುದಿಗಳಿವೆ ಎಂದ ಮಾತ್ರಕ್ಕೆ ಅದನ್ನು ತಿರುಗಿಸಿ ಹಿಡಿಯಬಹುದೆಂದು ಅರ್ಥವಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅನರ್ಹತೆಯೂ ಇದೆ. ಅಗ್ಗದ ಅನೇಕ ಪ್ರಿಂಟರುಗಳಿಗೆ ಅಕ್ಷರಜ್ಞಾನವೇ ಇರುವುದಿಲ್ಲ. 65 ಎಂಬ ಸಂಖ್ಯೆ ಬಂದರೆ ಯಾವ ಆಕಾರವನ್ನು ಮೂಡಿಸಬೇಕೆಂದು ಎಪ್ಸನ್ ಎಫ್‌ಎಕ್ಸ್-80ಗೆ ತಿಳಿದಿತ್ತು, ಏಕೆಂದರೆ ಆಕಾರಗಳು ಅದರೊಳಗೇ ಇದ್ದವು. 1990ರ ದಶಕದಲ್ಲಿ ಬಂದ ಒಂದು ಬಗೆಯ ಪ್ರಿಂಟರುಗಳಲ್ಲಿ ಆ ಕೆಲಸವೆಲ್ಲ ಕಂಪ್ಯೂಟರಿನೊಳಗಿನ ಡ್ರೈವರ್ ಎಂಬ ತಂತ್ರಾಂಶಕ್ಕೆ ವರ್ಗವಾಯಿತು. ಇಡೀ ಪುಟವನ್ನು ಚುಕ್ಕಿಗಳ ಚಿತ್ರವಾಗಿ ವಿಂಡೋಸ್ ಸಿದ್ಧಪಡಿಸಿ ಕೊಟ್ಟರೆ ಮಾತ್ರ ಇವು ಅಚ್ಚು ಹಾಕುತ್ತವೆ. ಇಂಥವುಗಳಲ್ಲಿ ಕೆಲವಕ್ಕೆ ಹಳೆಯ ಸಮಾಂತರ ಪೋರ್ಟ್ ಇರುವುದರಿಂದ ಕೇಬಲ್ ಸಲೀಸಾಗಿ ಕೂರುತ್ತದೆ, ಬರಹ ಮಾತ್ರ ಬರುವುದಿಲ್ಲ. ಇನ್ನು ಅಕ್ಷರಜ್ಞಾನವಿದ್ದೂ ಬೇರೆ ಆಜ್ಞಾಪದ್ಧತಿಗೆ ಸೇರಿದ ಪ್ರಿಂಟರುಗಳಲ್ಲಿ ಸಾದೃಶ್ಯ ಇನ್ನೂ ಹೆಚ್ಚು ಮೋಸ ಮಾಡುತ್ತದೆ. 27 ಮತ್ತು 69 ಎಂಬ ಎರಡು ಸಂಖ್ಯೆಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಿದರೆ ಎಪ್ಸನ್ ಪದ್ಧತಿಯಲ್ಲಿ 'ಮುಂದಿನದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕು' ಎಂದರ್ಥ. ಎಚ್‌ಪಿ ಸಂಸ್ಥೆಯ ಲೇಸರ್ ಪ್ರಿಂಟರುಗಳ ಪಿಸಿಎಲ್ ಪದ್ಧತಿಯಲ್ಲಿ ಅದೇ ಎರಡು ಸಂಖ್ಯೆಗಳಿಗೆ 'ಈವರೆಗಿನ ಎಲ್ಲ ಹೊಂದಾಣಿಕೆಗಳನ್ನು ಅಳಿಸಿ ಆರಂಭದ ಸ್ಥಿತಿಗೆ ಮರಳು' ಎಂದರ್ಥ. ಕಳುಹಿಸಿದ್ದು ಒಂದೇ, ಕೇಳಿಸಿಕೊಂಡದ್ದೂ ಅದನ್ನೇ, ಆದ ಕಾರ್ಯ ಮಾತ್ರ ಬೇರೆ. ಸಾದೃಶ್ಯವು ಯೋಗ್ಯತೆಗೆ ಪ್ರಮಾಣವಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡನೆಯ ಪೂರ್ವಪಕ್ಷ ಇದರ ವಿರುದ್ಧ ತುದಿಯಲ್ಲಿ ನಿಲ್ಲುತ್ತದೆ. ಸಾದೃಶ್ಯ ನಂಬತಕ್ಕದ್ದಲ್ಲವಾದರೆ ಪ್ರತಿನಿಧಿಯೇ ಬೇಡ. ವಿಹಿತವಾದದ್ದು ಯಾವುದೋ ಅದೇ ಬೇಕು, ಅದಿಲ್ಲದಿದ್ದರೆ ಕರ್ಮವನ್ನೇ ಕೈಬಿಡಬೇಕು ಎಂಬುದು ಇದರ ವಾದ. ಹಳೆಯ ಯಂತ್ರಗಳನ್ನು ಪ್ರೀತಿಸುವವರಲ್ಲಿ ಈ ಶುದ್ಧಿವಾದ ಅಪರೂಪವಲ್ಲ. ಇದಕ್ಕೆ ಮೀಮಾಂಸೆಯ ಉತ್ತರ, ಎಲ್ಲ ಅಂಗಗಳೂ ಒಂದೇ ಬಗೆಯವಲ್ಲ ಎಂಬ ವಿವೇಚನೆಯಲ್ಲಿದೆ. ಅಂಗವೆಂದರೆ ಪ್ರಧಾನ ಕರ್ಮಕ್ಕೆ ನೆರವಾಗುವ ಯಾವುದೇ ಘಟಕ. ದ್ರವ್ಯಕ್ಕೆ ಪ್ರತಿನಿಧಿಯುಂಟು, ಆದರೆ ದೇವತೆ, ಅಗ್ನಿ, ಮಂತ್ರರೂಪವಾದ ಶಬ್ದ ಮತ್ತು ವಿಹಿತ ಕ್ರಿಯೆ ಇವುಗಳಿಗೆ ಪ್ರತಿನಿಧಿಯಿಲ್ಲ ಎಂದು ಜೈಮಿನಿ ನಿರ್ಣಯಿಸುತ್ತಾನೆ. ಇದರ ಹಿಂದಿನ ತರ್ಕ ಮುಖ್ಯವಾದದ್ದು. ದ್ರವ್ಯದ ಉಪಕಾರ ದೃಷ್ಟ, ಅಂದರೆ ಕಾಣುವಂಥದ್ದು. ಭತ್ತದಿಂದ ಹಿಟ್ಟಾಗುವುದನ್ನು ಕಂಡವನು ಕಾಡುಭತ್ತದಿಂದಲೂ ಹಿಟ್ಟಾಗುವುದನ್ನು ಕಾಣಬಲ್ಲ. ಮಂತ್ರ, ದೇವತೆ ಮೊದಲಾದವುಗಳ ಉಪಕಾರ ಅದೃಷ್ಟ, ಅಂದರೆ ವಿಧಿಯಿಂದ ಮಾತ್ರ ತಿಳಿಯತಕ್ಕದ್ದು; ಒಂದು ಮಂತ್ರ ಮಾಡುವುದನ್ನು ಅದನ್ನು ಹೋಲುವ ಇನ್ನೊಂದು ಮಾಡುತ್ತದೆಂದು ಹೇಳಲು ಯಾವ ಆಧಾರವೂ ಇಲ್ಲ.

ಈ ವಿಭಾಗವನ್ನು ಪ್ರಿಂಟರಿನ ಪ್ರಶ್ನೆಗೆ ಅನ್ವಯಿಸಿದರೆ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾಗದ, ಮಸಿಪಟ್ಟಿ, ಕೇಬಲ್, ಸೂಜಿಗಳನ್ನು ಹೊತ್ತ ತಲೆ, ಕೊನೆಗೆ ಇಡೀ ಪ್ರಿಂಟರಿನ ದೇಹ ಇವೆಲ್ಲ ದ್ರವ್ಯಸ್ಥಾನದಲ್ಲಿವೆ. ಇವುಗಳ ಕೆಲಸ ಕಣ್ಣಿಗೆ ಕಾಣುವುದರಿಂದ ಬದಲಿಯನ್ನು ಪರೀಕ್ಷಿಸಿ ಒಪ್ಪಬಹುದು. 27, 69 ಎಂಬಂಥ ಸಂಕೇತಗಳು ಶಬ್ದಸ್ಥಾನದಲ್ಲಿವೆ, ಸ್ಟ್ರೋಬ್ ಮತ್ತು ಬಿಸಿ ತಂತಿಗಳ ಕೊಡುಕೊಳ್ಳುವಿಕೆ ಕ್ರಿಯಾಸ್ಥಾನದಲ್ಲಿದೆ. ಇವುಗಳಿಗೆ 'ಸುಮಾರಾಗಿ ಹೋಲುವುದು' ಎಂಬ ಬದಲಿ ಇಲ್ಲ. ಆದ್ದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದು: ದೇಹ ಯಾವುದಾದರೂ ಆಗಲಿ, ಹಳೆಯ ಯಂತ್ರದ ಶಬ್ದವನ್ನು ಅರ್ಥಮಾಡಿಕೊಂಡು ಅದರ ಕ್ರಿಯೆಗೆ ಸರಿಯಾಗಿ ಸ್ಪಂದಿಸುವ ಪ್ರಿಂಟರೇ ಯೋಗ್ಯ ಪ್ರತಿನಿಧಿ. ಎಪ್ಸನ್ ಸಂಸ್ಥೆಯೇ ಮಾರುತ್ತಿರುವ ಎಲ್‌ಎಕ್ಸ್-350 ಎಂಬ 9 ಸೂಜಿಗಳ ಪ್ರಿಂಟರಿನಲ್ಲಿ ಯುಎಸ್‌ಬಿಯ ಜೊತೆಗೆ ಸಮಾಂತರ ಪೋರ್ಟೂ ಇದೆ, ಹಳೆಯ ಆಜ್ಞಾಪದ್ಧತಿಯೂ ಇದೆ. ಎಪ್ಸನ್ ಪದ್ಧತಿಯನ್ನು ಅನುಕರಿಸುವ ಸೌಲಭ್ಯವಿರುವ, ಸಮಾಂತರ ಪೋರ್ಟ್ ಇರುವ ಹಳೆಯ ಲೇಸರ್ ಪ್ರಿಂಟರುಗಳೂ ಆಗಬಹುದು. ಅವುಗಳಲ್ಲಿ ಪುಟ ತುಂಬುವವರೆಗೆ ಅಥವಾ 12 ಎಂಬ ಸಂಕೇತ ಬರುವವರೆಗೆ ಹಾಳೆ ಹೊರಬರುವುದಿಲ್ಲ ಎಂಬ ಒಂದು ಭೇದವನ್ನು ನೆನಪಿಡಬೇಕು.

ಈ ದೃಷ್ಟಿಯಿಂದ ಕರ್ನಾಟಕದಲ್ಲಿರುವವರಿಗೆ ಪ್ರತಿನಿಧಿಯನ್ನು ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಇತರೆಡೆ ವಸ್ತುಸಂಗ್ರಹಾಲಯ ಸೇರಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಲ್ಲಿ ಲಾರಿ ಸಾಗಣೆ ಕಚೇರಿಗಳಲ್ಲಿ, ಸಗಟು ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿದೆ. ಟಿವಿಎಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಇಂಥ ಪ್ರಿಂಟರುಗಳನ್ನು ತುಮಕೂರಿನಲ್ಲಿಯೇ ತಯಾರಿಸುತ್ತ ಬಂದದ್ದು ಅನೇಕರಿಗೆ ತಿಳಿದಿರುವ ಸಂಗತಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗಗಳನ್ನು ಹುಡುಕಿ ತೆಗೆಯಬಹುದು. ಈ ಯಂತ್ರ ಉಳಿದುಬಂದದ್ದು ಹಳೆಯದರ ಮೇಲಿನ ಮೋಹದಿಂದಲ್ಲ. ಬಿಲ್ಲಿನ ಎರಡು ಮೂರು ಪ್ರತಿಗಳನ್ನು ಕಾರ್ಬನ್ನಿನ ಮೂಲಕ ಒಂದೇ ಬಾರಿಗೆ ಮೂಡಿಸಲು ಬಡಿಯುವ ಸೂಜಿ ಬೇಕು. ಮಸಿ ಸಿಂಪಡಿಸುವ ಯಂತ್ರಕ್ಕೆ ಅದು ಸಾಧ್ಯವಿಲ್ಲ. ವಸ್ತುವನ್ನು ಉಳಿಸಿದ್ದು ಅರ್ಥ, ಅಂದರೆ ಪ್ರಯೋಜನ.

ಪ್ರಯೋಜನವೇ ಪ್ರಧಾನವೆಂಬ ಈ ತತ್ತ್ವದಿಂದ ಶಾಸ್ತ್ರ ಕೆಲವು ಉಪನಿಯಮಗಳನ್ನು ಹೊರಡಿಸುತ್ತದೆ. ಪ್ರತಿನಿಧಿಯೂ ನಾಶವಾದರೆ ಮುಂದೆ ಹುಡುಕಬೇಕಾದದ್ದು ಮೂಲವನ್ನು ಹೋಲುವುದನ್ನು, ಪ್ರತಿನಿಧಿಯನ್ನು ಹೋಲುವುದನ್ನಲ್ಲ. ಎಪ್ಸನ್ ಪದ್ಧತಿಯನ್ನು ಬಲ್ಲ ಲೇಸರ್ ಪ್ರಿಂಟರನ್ನು ಕೆಲವು ವರ್ಷ ಬಳಸಿದವನು ಅದು ಕೆಟ್ಟಾಗ ಇನ್ನೊಂದು ಲೇಸರನ್ನು ತಂದರೆ ಸೋಲುವ ಸಂಭವವೇ ಹೆಚ್ಚು, ಏಕೆಂದರೆ ಹಿಂದಿನದು ಕೆಲಸ ಮಾಡಿದ್ದು ಲೇಸರ್ ಆಗಿದ್ದುದರಿಂದಲ್ಲ. ಇನ್ನೊಂದು ನಿಯಮದಂತೆ, ಪ್ರಯೋಜನಕ್ಕೂ ವಿಹಿತ ದ್ರವ್ಯಕ್ಕೂ ವಿರೋಧ ಬಂದರೆ ಪ್ರಯೋಜನವೇ ಗೆಲ್ಲುತ್ತದೆ. ಯೂಪವೆಂಬ ಯಜ್ಞಸ್ತಂಭಕ್ಕೆ ಖದಿರದ ಮರ ವಿಹಿತವಾಗಿದ್ದರೂ, ಸಿಕ್ಕ ಖದಿರ ಪಶುವನ್ನು ಕಟ್ಟಲಾಗದಷ್ಟು ತೆಳುವಾಗಿದ್ದರೆ ಅದನ್ನು ಹೋಲುವ ಗಟ್ಟಿಯಾದ ಕದರದ ಮರವನ್ನೇ ತೆಗೆದುಕೊಳ್ಳಬೇಕು. ಸೂಜಿ ಮುರಿದ, ಮಸಿಪಟ್ಟಿ ಒಣಗಿದ ಅಸಲಿ ಎಂಎಕ್ಸ್-80ಗಿಂತ ಕೆಲಸ ಮಾಡುವ ಬದಲಿಯೇ ಮೇಲೆಂಬುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಮಂತ್ರಕ್ಕೆ ಪ್ರತಿನಿಧಿಯಿಲ್ಲವೆಂದ ಮೀಮಾಂಸೆ ಮಂತ್ರದ ಮಾರ್ಪಾಟನ್ನು ಬೇರೊಂದು ಹೆಸರಿನಲ್ಲಿ ಒಪ್ಪಿದೆ. ಮಾದರಿಯಾದ ಯಾಗಕ್ಕೆ ಪ್ರಕೃತಿ ಎಂದೂ, ಅದರಿಂದ ಅಂಗಗಳನ್ನು ಎರವಲು ಪಡೆಯುವ ಯಾಗಕ್ಕೆ ವಿಕೃತಿ ಎಂದೂ ಹೆಸರು. ವಿಕೃತಿಯಲ್ಲಿ ದ್ರವ್ಯವೋ ದೇವತೆಯೋ ಬದಲಾಗಿದ್ದರೆ ಮಂತ್ರದೊಳಗಿನ ಪದವನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಇದು ಊಹ, ಒಂಬತ್ತನೆಯ ಅಧ್ಯಾಯದ ವಿಷಯ. ಆದರೆ ಸಿಗದ ವ್ರೀಹಿಯ ಬದಲಿಗೆ ನೀವಾರವನ್ನು ತೆಗೆದುಕೊಂಡಾಗ ಊಹವಿಲ್ಲ. ಮಂತ್ರ ವ್ರೀಹಿಯ ಹೆಸರನ್ನೇ ಹೇಳುತ್ತದೆ, ಏಕೆಂದರೆ ನೀವಾರ ಅಲ್ಲಿ ವ್ರೀಹಿಯ ಪರವಾಗಿ ನಿಂತಿದೆ. ಹಳೆಯ ಕಂಪ್ಯೂಟರಿನ ಒಡೆಯನ ಮುಂದೆ ಇರುವುದೂ ಇವೆರಡೇ ದಾರಿಗಳು. ಕಂಪ್ಯೂಟರಿನ ಮಾತನ್ನು ಮುಟ್ಟದೆ, ತಾನು ಎಪ್ಸನ್ ಎಂಬಂತೆ ಕೇಳಿಸಿಕೊಳ್ಳುವ ಸಾಧನವನ್ನು ಎದುರಿಗೆ ನಿಲ್ಲಿಸುವುದು ಪ್ರತಿನಿಧಿಯ ದಾರಿ. ಸಮಾಂತರ ಪೋರ್ಟಿನಿಂದ ಬಂದ ಎಪ್ಸನ್ ಸಂಕೇತಗಳನ್ನು ಓದಿ ಪಿಡಿಎಫ್ ಕಡತವಾಗಿ ಪರಿವರ್ತಿಸುವ ಸಣ್ಣ ಪೆಟ್ಟಿಗೆಗಳು ಈ ವರ್ಗಕ್ಕೆ ಸೇರುತ್ತವೆ. ಕಂಪ್ಯೂಟರಿನಲ್ಲಿರುವ ಬರಹದ ತಂತ್ರಾಂಶದ ಡ್ರೈವರನ್ನು ತಿದ್ದಿ, ಹೊಸ ಪ್ರಿಂಟರಿಗೆ ಅರ್ಥವಾಗುವ ಸಂಕೇತಗಳನ್ನೇ ಹೊರಡಿಸುವಂತೆ ಮಾಡುವುದು ಊಹದ ದಾರಿ. ಎರಡನ್ನೂ ಬೆರೆಸಿದರೆ, ಅಂದರೆ ಮಾತನ್ನೂ ಬದಲಿಸಿ ನಡುವೆ ಅನುವಾದಕನನ್ನೂ ಕೂರಿಸಿದರೆ, ಏನೂ ಸರಿಯಾಗಿ ಬರುವುದಿಲ್ಲ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕು. ಕನ್ನಡನಾಡಿನ ಮನೆಮನೆಯ ಪೂಜೆಯಲ್ಲಿ ವಸ್ತ್ರವಿಲ್ಲದಿದ್ದರೆ ವಸ್ತ್ರದ ಬದಲಿಗೆ, ಆಭರಣವಿಲ್ಲದಿದ್ದರೆ ಆಭರಣದ ಬದಲಿಗೆ ಅಕ್ಷತೆಯನ್ನೇ ಅರ್ಪಿಸುವ ರೂಢಿಯಿದೆ. ಅಕ್ಷತೆ ವಸ್ತ್ರವನ್ನು ಯಾವ ರೀತಿಯಲ್ಲೂ ಹೋಲದು, ವಸ್ತ್ರದ ಕೆಲಸವನ್ನೂ ಮಾಡದು. ಹಾಗಿದ್ದರೆ ಯೋಗ್ಯತೆಯ ಈ ಎಲ್ಲ ವಿಚಾರ ವ್ಯರ್ಥವಲ್ಲವೇ? ಅಲ್ಲ. ಅಲ್ಲಿ ಬದಲಿಯನ್ನು ನಿಲ್ಲಿಸಿದ್ದು ಸಾದೃಶ್ಯವಲ್ಲ, ವಚನ; 'ಇದರ ಸ್ಥಾನದಲ್ಲಿ ಇದು' ಎಂದು ಬಾಯಿಬಿಟ್ಟು ಹೇಳಿಯೇ ಅದನ್ನು ಅರ್ಪಿಸಲಾಗುತ್ತದೆ. ಸೋಮಲತೆ ಸಿಗದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಹಿಂಡಬೇಕೆಂದು ಶ್ರುತಿಯೇ ಹೇಳಿರುವುದನ್ನು ಮೀಮಾಂಸಕರು ಹೀಗೆಯೇ ವಿವರಿಸುತ್ತಾರೆ. ಅದಕ್ಕಿಂತ ಹೆಚ್ಚು ಹೋಲುವ ಬಳ್ಳಿ ಇದ್ದರೂ ವಚನಬಲದಿಂದ ಪೂತೀಕವೇ ನಿಲ್ಲುತ್ತದೆ. ಪೂಜೆಯಲ್ಲಿ ಉದ್ದೇಶ ಉಡಿಸುವುದಲ್ಲ, ಉಪಚಾರ. ಆ ಉದ್ದೇಶ ಅಕ್ಷತೆಯಿಂದ ನೆರವೇರುತ್ತದೆ. ಹಾಗೆಯೇ, ಬರಹವನ್ನು ಉಳಿಸಿಕೊಳ್ಳುವುದೇ ಒಬ್ಬನ ಉದ್ದೇಶವಾಗಿದ್ದರೆ ಕಾಗದವೇ ಇಲ್ಲದ ಪಿಡಿಎಫ್ ಕಡತ ಅವನ ಪಾಲಿಗೆ ಪೂರ್ಣ ಪ್ರಿಂಟರ್. ಅವನು ತನ್ನ ಉದ್ದೇಶವನ್ನು ತನಗೇ ಸ್ಪಷ್ಟವಾಗಿ ಹೇಳಿಕೊಂಡಿರಬೇಕು, ಅಷ್ಟೇ.

ಉದ್ದೇಶದ ಈ ಭೇದವನ್ನು ಮೀಮಾಂಸೆ ನಿತ್ಯ ಮತ್ತು ಕಾಮ್ಯ ಎಂಬ ವಿಭಾಗದಲ್ಲಿ ಗುರುತಿಸಿದೆ. ಮಾಡಲೇಬೇಕಾದ ಕರ್ಮ ನಿತ್ಯ. ಫಲವನ್ನು ಬಯಸಿ ಮಾಡುವುದು ಕಾಮ್ಯ. ನಿತ್ಯವನ್ನು ಕೆಲವು ಅಂಗಗಳು ಕೊರತೆಯಾದರೂ ಶಕ್ತಿಯಿದ್ದಷ್ಟು ಮಾಡಬೇಕು; ಕಾಮ್ಯವನ್ನು ಎಲ್ಲ ಅಂಗಗಳೂ ಕೂಡಿಬಂದರೆ ಮಾತ್ರ ಆರಂಭಿಸಬೇಕು, ಆರಂಭಿಸಿದ ಮೇಲೆ ನಡುವೆ ಏನು ಕೊರತೆಯಾದರೂ ಪ್ರತಿನಿಧಿಯಿಂದ ಮುಗಿಸಲೇಬೇಕು. ಹಳೆಯ ಫ್ಲಾಪಿ ಡಿಸ್ಕುಗಳಲ್ಲಿ ಒಬ್ಬರ ಸಂಶೋಧನೆಯ ಟಿಪ್ಪಣಿಯೋ, ಸಂಘವೊಂದರ ನಡಾವಳಿಯೋ ಉಳಿದಿದ್ದರೆ ಅದನ್ನು ಹೊರತೆಗೆಯುವುದು ನಿತ್ಯದ ಸ್ವಭಾವದ ಕೆಲಸ. ದಪ್ಪಕ್ಷರ, ಅಡಿಗೆರೆಗಳು ಹೋದರೂ ಬರಿಯ ಅಕ್ಷರ ಬಂದರೆ ಸಾಕು, ಡಿಸ್ಕುಗಳು ದಿನೇ ದಿನೇ ಕ್ಷಯಿಸುತ್ತಿರುವುದರಿಂದ ತಡಮಾಡುವುದು ತಪ್ಪು. 1980ರ ದಶಕದ ಮೇಜನ್ನು ಅದರ ಸದ್ದು, ಅಂಚಿನಲ್ಲಿ ತೂತುಗಳಿರುವ ಕಾಗದ ಎಲ್ಲದರೊಡನೆ ಮತ್ತೆ ನಿಲ್ಲಿಸಬೇಕೆಂಬ ಬಯಕೆ ಕಾಮ್ಯ. ಅಲ್ಲಿ ದ್ರವ್ಯವೇ ಪ್ರಯೋಜನದ ಭಾಗವಾಗಿರುವುದರಿಂದ ಅಸಲಿ ಯಂತ್ರ ಸಿಗುವವರೆಗೆ ಕಾಯುವುದೇ ನ್ಯಾಯ. ಶುದ್ಧಿವಾದಿ ತಪ್ಪುವುದು ಎರಡನೆಯದರ ನಿಯಮವನ್ನು ಮೊದಲನೆಯದಕ್ಕೆ ಹೇರುವುದರಲ್ಲಿ. ಇವೆರಡರಲ್ಲಿ ತನ್ನದು ಯಾವುದೆಂದು ನಿರ್ಣಯಿಸುವ ಕೆಲಸವನ್ನು ಮಾತ್ರ ಬೇರೆಯವರಿಗೆ ವಹಿಸುವಂತಿಲ್ಲ. ಋತ್ವಿಜರನ್ನು ಬದಲಿಸಬಹುದು, ಫಲಕ್ಕೆ ಒಡೆಯನಾದ ಯಜಮಾನನಿಗೆ ಸಾಮಾನ್ಯವಾಗಿ ಪ್ರತಿನಿಧಿಯಿಲ್ಲ ಎಂಬುದು ಶಾಸ್ತ್ರದ ನಿಲುವು. ರಿಪೇರಿಯವನೂ ಅಂಗಡಿಯವನೂ ಸಾಧನವನ್ನು ಹೇಳಬಲ್ಲರು, ಸಾಧ್ಯವನ್ನಲ್ಲ.

ಹೀಗೆ ನೋಡಿದಾಗ ಹೊಂದಿಕೆಯೆಂಬುದು ವಸ್ತುವಿನ ಗುಣವಲ್ಲವೆಂದೂ, ಪ್ರಕಟವಾದ ಒಡಂಬಡಿಕೆಯೊಂದಕ್ಕೆ ಎರಡು ವಸ್ತುಗಳು ನಿಷ್ಠವಾಗಿರುವ ಸ್ಥಿತಿಯೆಂದೂ ನಿರ್ಣಯಿಸಬಹುದು. ಎಪ್ಸನ್ ಪ್ರಿಂಟರುಗಳ ಕೈಪಿಡಿಗಳಲ್ಲಿ ಪ್ರತಿಯೊಂದು ಸಂಕೇತದ ಅರ್ಥವೂ ಅಚ್ಚಾಗಿತ್ತು. ಆದ್ದರಿಂದಲೇ ಬೇರೆ ದೇಶದ ಬೇರೆ ತಯಾರಕರು, ದಶಕಗಳ ಅನಂತರವೂ, ಅವುಗಳಿಗೆ ಪ್ರತಿನಿಧಿಗಳನ್ನು ಸೃಷ್ಟಿಸಬಲ್ಲವರಾದರು. ಅರ್ಥವನ್ನು ಒಂದೇ ಕಾರ್ಯಾಚರಣ ವ್ಯವಸ್ಥೆಯ ಡ್ರೈವರಿನೊಳಗೆ ಮುಚ್ಚಿಟ್ಟ ಪ್ರಿಂಟರುಗಳು ಆ ವ್ಯವಸ್ಥೆಯೊಡನೆಯೇ ನಿರುಪಯುಕ್ತವಾಗುತ್ತವೆ, ಮತ್ತು ಅವುಗಳ ಸ್ಥಾನದಲ್ಲಿ ಯಾರೂ ನಿಲ್ಲಲಾರರು. ಆದಕಾರಣ ಹಳೆಯ ಕಂಪ್ಯೂಟರಿಗೆ ಪ್ರಿಂಟರನ್ನು ಹುಡುಕುವವರು ಮೊದಲು ತಮ್ಮ ಪ್ರಯೋಜನವನ್ನು ನಿಶ್ಚಯಿಸಿಕೊಳ್ಳಬೇಕು, ಅನಂತರ ತಮ್ಮ ಯಂತ್ರದ ಕೈಪಿಡಿಯಲ್ಲಿ ಅದು ಆಡುವ ಸಂಕೇತಗಳು ಯಾವ ಪದ್ಧತಿಯವೆಂದು ನೋಡಬೇಕು, ಕೊನೆಗೆ ಪ್ರಿಂಟರಿನ ವಿವರಪಟ್ಟಿಯಲ್ಲಿ ಆ ಪದ್ಧತಿಯ ಹೆಸರೂ ಸಮಾಂತರ ಪೋರ್ಟೂ ಇವೆಯೇ ಎಂದು ಪರೀಕ್ಷಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ಕೊಂಡ ಪ್ರಿಂಟರ್ ಎಷ್ಟೇ ಒಳ್ಳೆಯದಾದರೂ ಪ್ರತಿನಿಧಿಯಾಗದು.